ಗಿರಾಕಿ ವಿರಳವಾದ ಊರಿನಲ್ಲಿ ಮನೆ ಮಾರಾಟ

ಮನೆಗಳ ಮಾರುಕಟ್ಟೆ ಮಂದವಾಗಿದೆ ಎಂಬ ಮಾತು ಕಿವಿಗೆ ಬಿದ್ದಾಗ ಬೆಲೆ ಕುಸಿದಿರಬೇಕೆಂದೇ ಹೆಚ್ಚಿನವರು ಭಾವಿಸುತ್ತಾರೆ. ಆದರೆ ಸಣ್ಣ ಮತ್ತು ಮಧ್ಯಮ ಗಾತ್ರದ ಊರುಗಳಲ್ಲಿ ಮೊದಲು ಇಳಿಯುವುದು ವ್ಯವಹಾರಗಳ ಸಂಖ್ಯೆ, ಬೆಲೆ ಬಹುಕಾಲ ಇದ್ದಲ್ಲೇ ಇದ್ದಂತೆ ತೋರುತ್ತದೆ. ಇನ್ನೂರು ಮನೆಗಳಿರುವ ಒಂದು ಹಳೆಯ ಬಡಾವಣೆಯಲ್ಲಿ ವರ್ಷಕ್ಕೆ ಮೂರು ಮನೆಗಳಷ್ಟೇ ಕೈ ಬದಲಾಗುತ್ತವೆ ಎಂದಿಟ್ಟುಕೊಂಡರೆ, ಅವುಗಳಲ್ಲಿ ಒಂದು ಅಣ್ಣತಮ್ಮಂದಿರ ನಡುವಿನ ಹೊಂದಾಣಿಕೆಯೂ ಇನ್ನೊಂದು ಸಾಲದ ಒತ್ತಡಕ್ಕೆ ಸಿಕ್ಕಿ ಆದ ಮಾರಾಟವೂ ಆಗಿದ್ದ ಪಕ್ಷದಲ್ಲಿ, ಉಳಿದ ಒಂದೇ ಒಂದು ಮಾರಾಟದ ಆಧಾರದ ಮೇಲೆ ಇಡೀ ಬಡಾವಣೆಯ ಬೆಲೆಯನ್ನು ಊಹಿಸಬೇಕಾಗುತ್ತದೆ. ಇಂತಹ ಸ್ಥಿತಿಯನ್ನು ಅರ್ಥಶಾಸ್ತ್ರಜ್ಞರು ತೆಳು ಮಾರುಕಟ್ಟೆ ಎಂದು ಕರೆಯುತ್ತಾರೆ: ಅಲ್ಲಿ ಕೊಳ್ಳುವವರೂ ಮಾರುವವರೂ ಇರುತ್ತಾರೆ, ಆದರೆ ಒಬ್ಬರು ಇನ್ನೊಬ್ಬರಿಗೆ ಸಿಗುವಷ್ಟು ಸಂಖ್ಯೆಯಲ್ಲಿ ಇರುವುದಿಲ್ಲ.

ಭತ್ತಕ್ಕೂ ಬಂಗಾರಕ್ಕೂ ದಿನದ ದರ ಇರುವುದು ಒಂದು ಮೂಟೆಗೂ ಇನ್ನೊಂದು ಮೂಟೆಗೂ, ಒಂದು ಗ್ರಾಮಿಗೂ ಇನ್ನೊಂದು ಗ್ರಾಮಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲದ ಕಾರಣ. ಮನೆಯಾದರೋ ದಿಕ್ಕು, ಅಗಲ, ರಸ್ತೆ, ನೆರೆಹೊರೆ, ಬಾವಿಯ ನೀರು, ಕಟ್ಟಡದ ವಯಸ್ಸು ಎಲ್ಲದರಲ್ಲೂ ಪಕ್ಕದ ಮನೆಗಿಂತ ಬೇರೆಯದು. ಹೀಗೆ ಒಂದೊಂದೂ ಬೇರೆಯಾದ ಸರಕಿಗೆ ತಕ್ಕ ಗಿರಾಕಿ ಸಿಗಲು ಹುಡುಕಾಟ ಬೇಕು, ಹುಡುಕಾಟಕ್ಕೆ ಸಮಯವೂ ಹಣವೂ ಬೇಕು ಎಂಬ ಸರಳ ಸಂಗತಿಯ ಮೇಲೆಯೇ ಒಂದು ಸಿದ್ಧಾಂತ ಬೆಳೆದಿದ್ದು, ಅದನ್ನು ಮುಖ್ಯವಾಗಿ ಉದ್ಯೋಗ ಮಾರುಕಟ್ಟೆಗೆ ಅನ್ವಯಿಸಿ ವಿಸ್ತರಿಸಿದ ಪೀಟರ್ ಡೈಮಂಡ್, ಡೇಲ್ ಮಾರ್ಟೆನ್ಸನ್ ಮತ್ತು ಕ್ರಿಸ್ಟೋಫರ್ ಪಿಸ್ಸರಿಡಿಸ್ ಅವರಿಗೆ 2010ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಕೆಲಸ ಖಾಲಿ ಇದ್ದೂ ನಿರುದ್ಯೋಗಿಗಳು ಏಕೆ ಉಳಿಯುತ್ತಾರೆ ಎಂಬುದನ್ನು ವಿವರಿಸುವ ಇದೇ ಸಿದ್ಧಾಂತ, ಬಾಡಿಗೆ ಮನೆಗಾಗಿ ಜನ ಅಲೆಯುತ್ತಿರುವ ಊರಿನಲ್ಲಿಯೇ ಬೀಗ ಹಾಕಿದ ಮನೆಗಳು ಏಕೆ ಉಳಿಯುತ್ತವೆ ಎಂಬುದನ್ನೂ ವಿವರಿಸುತ್ತದೆ. 2011ರ ಜನಗಣತಿಯ ಪ್ರಕಾರ ಭಾರತದ ನಗರ ಪ್ರದೇಶಗಳಲ್ಲಿ ಖಾಲಿ ಇದ್ದ ಮನೆಗಳ ಸಂಖ್ಯೆ ಸುಮಾರು 1.11 ಕೋಟಿ.

ಕರ್ನಾಟಕದಲ್ಲಿ ಈ ಮಂದಗತಿಯನ್ನು ನೋಡಲು ಬೆಂಗಳೂರಿನಿಂದ ದೂರ ಬರಬೇಕು. ಧಾರವಾಡವನ್ನೇ ತೆಗೆದುಕೊಂಡರೆ, ವಿಶ್ವವಿದ್ಯಾಲಯಗಳು, 2008ರಲ್ಲಿ ಬಂದು 2013ರಲ್ಲಿ ಕಾಯಂ ಆದ ಹೈಕೋರ್ಟ್ ಪೀಠ, 2016ರಲ್ಲಿ ಆರಂಭವಾದ ಐಐಟಿ ಇವೆಲ್ಲವೂ ಊರಿಗೆ ಜನರನ್ನು ತಂದಿವೆ. ಹೀಗೆ ಬಂದವರಲ್ಲಿ ವಿದ್ಯಾರ್ಥಿಗಳು, ತರಬೇತಿಗೆ ಬರುವ ಉದ್ಯೋಗಾಕಾಂಕ್ಷಿಗಳು, ವರ್ಗಾವಣೆಯ ನೌಕರರು ಬಹಳ, ಅಂದರೆ ಸಪ್ತಾಪುರದಂತಹ ಕಡೆ ಒಂದು ಕೋಣೆಯನ್ನು ಬಾಡಿಗೆಗೆ ಕೇಳುವವರು ಬಹಳ. ಮಾಳಮಡ್ಡಿಯಂತಹ ಹಳೆಯ ಭಾಗದಲ್ಲಿ ಅಂಗಳ, ಹಿತ್ತಲು, ಹೆಂಚಿನ ಮಾಡು ಇರುವ ಮನೆಯನ್ನು ಇಡಿಯಾಗಿ ಕೊಂಡು ವಾಸಿಸಬೇಕೆನ್ನುವ ಕುಟುಂಬಗಳ ಲೆಕ್ಕ ಬೇರೆಯೇ. ಅಂತಹ ಮನೆಯ ಬೆಲೆಯಲ್ಲಿ ದೊಡ್ಡ ಪಾಲು ನೆಲದ್ದು, ಕಟ್ಟಡಕ್ಕೆ ಬೆಲೆ ಕಟ್ಟುವವರು ಕಡಿಮೆ. ಕೊಳ್ಳಲು ಮುಂದೆ ಬರುವವನು ಸಾಮಾನ್ಯವಾಗಿ ಅದನ್ನು ಕೆಡವಿ ಅಪಾರ್ಟ್‌ಮೆಂಟ್ ಅಥವಾ ವಸತಿ ನಿಲಯ ಕಟ್ಟುವ ಲೆಕ್ಕ ಹಾಕಿಯೇ ಬರುತ್ತಾನೆ, ಆದ್ದರಿಂದ ತಂದೆ ಕಟ್ಟಿಸಿದ ಮನೆ ಮನೆಯಾಗಿಯೇ ಉಳಿಯಲಿ ಎನ್ನುವ ವಾರಸುದಾರನಿಗೂ ಆ ಗಿರಾಕಿಗೂ ಮಾತು ಕೂಡುವುದಿಲ್ಲ.

ಭದ್ರಾವತಿಯ ಕಥೆ ಬೇರೆ ಬಗೆಯದು. ಅಲ್ಲಿ ಊರನ್ನು ಬೆಳೆಸಿದ ಎರಡು ಕಾರ್ಖಾನೆಗಳಲ್ಲಿ ಕಾಗದದ ಕಾರ್ಖಾನೆ 2015ರ ಹೊತ್ತಿಗೆ ಉತ್ಪಾದನೆ ನಿಲ್ಲಿಸಿತು. 1923ರಲ್ಲಿ ಉತ್ಪಾದನೆ ಆರಂಭಿಸಿದ್ದ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಪ್ರಕಟವಾಗಿ, ಆ ವರ್ಷವೇ ಉತ್ಪಾದನೆಯ ಒಂದು ಭಾಗ ಮತ್ತೆ ಆರಂಭವಾದರೂ ಭವಿಷ್ಯದ ಬಗೆಗಿನ ಅನಿಶ್ಚಯ ಉಳಿಯಿತು. ಉದ್ಯೋಗದ ಮೇಲೆ ನಿಂತ ಊರಿನಲ್ಲಿ ಉದ್ಯೋಗ ಅಲುಗಾಡಿದಾಗ ಸಂಬಳದ ಆಧಾರದ ಮೇಲೆ ಸಾಲ ತೆಗೆದು ಮನೆ ಕೊಳ್ಳಬಹುದಾಗಿದ್ದ ವರ್ಗವೇ ಕರಗುತ್ತದೆ, ಅದೇ ವೇಳೆಗೆ ನಿವೃತ್ತರಾದವರ ಮನೆಗಳು ಮಾರಾಟಕ್ಕೆ ಬರುತ್ತವೆ. ಹೀಗೆ ಬೇಡಿಕೆ ಇಳಿಯುವುದೂ ಪೂರೈಕೆ ಏರುವುದೂ ಒಂದೇ ಕಾರಣದಿಂದ ಒಟ್ಟಿಗೆ ಆಗುವುದರಿಂದ, ಬೇರೆ ಸರಕುಗಳಲ್ಲಿ ಒಂದು ಋತುವಿನಲ್ಲಿ ಸರಿಹೋಗುವ ಅಸಮತೋಲ ಮನೆಗಳ ವಿಷಯದಲ್ಲಿ ಹತ್ತು ವರ್ಷವಾದರೂ ಸರಿಹೋಗದೆ ಇರಬಹುದು. ಏಕೆಂದರೆ ಕಟ್ಟಿದ ಮನೆಯನ್ನು ಬೇಡಿಕೆ ಇರುವ ಊರಿಗೆ ಸಾಗಿಸಲು ಬರುವುದಿಲ್ಲ.

ಇಂತಹ ಊರುಗಳಲ್ಲಿ ವರ್ಷದ ಎಲ್ಲ ತಿಂಗಳೂ ವ್ಯವಹಾರಕ್ಕೆ ಒಂದೇ ಸಮನಾಗಿರುವುದಿಲ್ಲ. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಮುಂಗಡ ಕೊಡುವುದನ್ನೂ ನೋಂದಣಿಯನ್ನೂ ಬಹಳಷ್ಟು ಕುಟುಂಬಗಳು ಮುಂದೂಡುತ್ತವೆ, ಶಾಲೆಗಳು ಆರಂಭವಾದ ಮೇಲೆ ಮನೆ ಬದಲಿಸುವ ಮನಸ್ಸು ಕಡಿಮೆಯಾಗುತ್ತದೆ, ಮಲೆನಾಡಿನಲ್ಲಿ ಮಳೆಗಾಲ ಮುಗಿಯುವವರೆಗೆ ಮನೆ ನೋಡಲು ಬರುವವರೇ ವಿರಳ.

ಮಾರುವವನ ಮನಸ್ಸಿನಲ್ಲಿರುವ ಬೆಲೆ ಎಲ್ಲಿಂದ ಬರುತ್ತದೆ ಎಂಬುದನ್ನು ಇಲ್ಲಿ ವಿಚಾರಿಸಬೇಕು, ಏಕೆಂದರೆ ಮಂದ ಮಾರುಕಟ್ಟೆಯನ್ನು ಇನ್ನಷ್ಟು ಮಂದಗೊಳಿಸುವ ಶಕ್ತಿ ಅದಕ್ಕಿದೆ. ಕೆಲವು ವರ್ಷಗಳ ಹಿಂದೆ ಮಾರುಕಟ್ಟೆ ಚುರುಕಾಗಿದ್ದಾಗ ಯಾರೋ ಬಾಯಿಮಾತಿನಲ್ಲಿ ಕೇಳಿಹೋದ ಮೊತ್ತ, ಮುಖ್ಯರಸ್ತೆಯ ನಿವೇಶನಕ್ಕೆ ಬಂದ ಬೆಲೆ, ಬೆಂಗಳೂರಿನಲ್ಲಿರುವ ಮಗ ಅಲ್ಲಿನ ಚದರಡಿ ದರಕ್ಕೆ ಹೋಲಿಸಿ ಹೇಳಿದ ಅಂದಾಜು ಇವೆಲ್ಲ ಸೇರಿ ಒಂದು ಸಂಖ್ಯೆ ಮನಸ್ಸಿನಲ್ಲಿ ನಾಟಿಕೊಳ್ಳುತ್ತದೆ. ಆ ಸಂಖ್ಯೆಗಿಂತ ಕೆಳಗಿನ ಯಾವ ಬೆಲೆಯೂ ನಷ್ಟದಂತೆ ಕಾಣುತ್ತದೆ. ಗಳಿಕೆಯಿಂದಾಗುವ ಸಂತೋಷಕ್ಕಿಂತ ಅಷ್ಟೇ ಮೊತ್ತದ ನಷ್ಟದಿಂದಾಗುವ ನೋವು ಹೆಚ್ಚು ಎಂಬ ಈ ಮನೋಧರ್ಮವನ್ನು ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರ ಪ್ರಬಂಧದಲ್ಲಿ ನಿರೂಪಿಸಿದರು, ಅದು ಮನೆಗಳ ಮಾರಾಟದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಡೇವಿಡ್ ಜೆನೆಸೋವ್ ಮತ್ತು ಕ್ರಿಸ್ಟೋಫರ್ ಮೇಯರ್ 1990ರ ದಶಕದ ಬಾಸ್ಟನ್ ನಗರದ ಫ್ಲ್ಯಾಟುಗಳ ಮಾರಾಟವನ್ನು ಪರಿಶೀಲಿಸಿ 2001ರಲ್ಲಿ ತೋರಿಸಿಕೊಟ್ಟರು. ಕೊಂಡ ಬೆಲೆಗಿಂತ ಮಾರುಕಟ್ಟೆ ಬೆಲೆ ಕೆಳಗಿಳಿದಿದ್ದ ಮಾಲೀಕರು ಆ ಅಂತರದ ಶೇ. 25ರಿಂದ 35ರಷ್ಟನ್ನು ತಾವು ಕೇಳುವ ಬೆಲೆಗೆ ಸೇರಿಸುತ್ತಿದ್ದರು. ಅದರಿಂದ ಅವರಿಗೆ ದೊರೆತ ಹೆಚ್ಚಿನ ಮೊತ್ತ ಅದಕ್ಕಿಂತ ಬಹಳ ಕಡಿಮೆಯಾಗಿತ್ತು, ಮನೆ ಬಿಕರಿಯಾಗದೆ ಉಳಿಯುವ ಅವಧಿಯಂತೂ ಹೆಚ್ಚಾಗಿತ್ತು.

ಕಾಯುವುದರ ಖರ್ಚನ್ನು ಲೆಕ್ಕ ಹಾಕುವ ಅಭ್ಯಾಸ ನಮ್ಮಲ್ಲಿ ಇಲ್ಲದಿರುವುದು ದೊಡ್ಡ ಕೊರತೆ. ಉದಾಹರಣೆಗೆ 60 ಲಕ್ಷ ರೂಪಾಯಿಗೆ ಗಿರಾಕಿ ಬಂದಿರುವ ಮನೆಯೊಂದನ್ನು 66 ಲಕ್ಷವೇ ಬೇಕೆಂದು ಎರಡು ವರ್ಷ ಕಾದಿರಿಸಿದರೆ, ಮತ್ತು ಆ ಹಣಕ್ಕೆ ಬ್ಯಾಂಕ್ ಠೇವಣಿಯಲ್ಲಿ ಶೇ. 6.5ರ ಬಡ್ಡಿ ಬರುತ್ತಿತ್ತು ಎಂದು ಭಾವಿಸಿದರೆ, ಸರಳ ಬಡ್ಡಿಯ ಲೆಕ್ಕದಲ್ಲಿಯೇ 7.8 ಲಕ್ಷ ರೂಪಾಯಿ ಕೈತಪ್ಪಿದಂತಾಗುತ್ತದೆ. ಅಂದರೆ ಬಯಸಿದ ಬೆಲೆ ಕೊನೆಗೆ ಸಿಕ್ಕಿದರೂ ನಷ್ಟ ನಷ್ಟವೇ. ಇದಕ್ಕೆ ಆಸ್ತಿ ತೆರಿಗೆ, ಹೆಂಚು ಕೈಯಾಡಿಸುವ ಕೂಲಿ, ಗೆದ್ದಲು ಹಿಡಿದ ಬಾಗಿಲು, ಬೀಗ ಹಾಕಿದ ಮನೆಯ ಕಾವಲಿನ ಚಿಂತೆ ಸೇರುತ್ತವೆ. ಬಾಡಿಗೆಗೆ ಕೊಟ್ಟಿದ್ದರೂ ಇಂತಹ ಊರುಗಳಲ್ಲಿ ವಾರ್ಷಿಕ ಬಾಡಿಗೆ ಮನೆಯ ಬೆಲೆಯ ಶೇ. 2 ಅಥವಾ 3ರ ಆಸುಪಾಸಿನಲ್ಲಿರುವುದೇ ಸಾಮಾನ್ಯ. ಇನ್ನು ಬೆಲೆ ಇಳಿದಿಲ್ಲ ಎಂಬ ಸಮಾಧಾನವನ್ನೂ ಪರೀಕ್ಷಿಸಿ ನೋಡಬೇಕು: ಹಣದುಬ್ಬರ ವರ್ಷಕ್ಕೆ ಶೇ. 5ರಷ್ಟಿರುವಾಗ ಐದು ವರ್ಷ ಅದೇ ಬೆಲೆಯಲ್ಲಿ ನಿಂತ ಮನೆ, ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಇಳಿದಿರುತ್ತದೆ. ಸಂಖ್ಯೆ ಬದಲಾಗದ ಕಾರಣ ಈ ಇಳಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ, ಮತ್ತು ಭಾರತದ ಮನೆ ಮಾರುಕಟ್ಟೆಗಳು ಹೆಚ್ಚಾಗಿ ಇಳಿಯುವುದು ಈ ಬಗೆಯಲ್ಲಿಯೇ.

ಬೆಲೆಯ ಪ್ರಶ್ನೆಗೆ ಸರ್ಕಾರದ ಕಡೆಯಿಂದ ಒಂದು ಉತ್ತರ ಇದೆ, ಅದು ಮಾರ್ಗಸೂಚಿ ದರ. ರಸ್ತೆ, ಬಡಾವಣೆ, ಕಟ್ಟಡದ ಬಗೆ ಇವುಗಳನ್ನು ಅನುಸರಿಸಿ ನೋಂದಣಿ ಮತ್ತು ಮುದ್ರಾಂಕ ಇಲಾಖೆ ಪ್ರಕಟಿಸುವ ಈ ದರಕ್ಕೂ ಕ್ರಯಪತ್ರದಲ್ಲಿ ಬರೆದ ಮೊತ್ತಕ್ಕೂ ಹೋಲಿಸಿ, ಯಾವುದು ಹೆಚ್ಚೋ ಅದರ ಮೇಲೆ ಮುದ್ರಾಂಕ ಶುಲ್ಕವನ್ನು ಲೆಕ್ಕ ಹಾಕುವುದು ರೂಢಿಯಾಗಿದ್ದು, ಕಡಿಮೆ ತೋರಿಸಿದ್ದಾರೆಂದು ಉಪನೋಂದಣಾಧಿಕಾರಿಗೆ ಕಂಡುಬಂದರೆ 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯ 45-ಎ ಕಲಮಿನ ಅಡಿಯಲ್ಲಿ ಪ್ರಕರಣವನ್ನು ಜಿಲ್ಲಾ ನೋಂದಣಾಧಿಕಾರಿಗೆ ಒಪ್ಪಿಸಬಹುದು. ರಾಜ್ಯದಲ್ಲಿ ಈ ದರಗಳ ವ್ಯಾಪಕ ಪರಿಷ್ಕರಣೆ ಜಾರಿಗೆ ಬಂದದ್ದು 2023ರ ಅಕ್ಟೋಬರ್ 1ರಂದು. ಮಾರುಕಟ್ಟೆ ಏರುತ್ತಿರುವ ಕಡೆ ಮಾರ್ಗಸೂಚಿ ದರ ಯಾವಾಗಲೂ ನಿಜವಾದ ಬೆಲೆಯ ಹಿಂದೆಯೇ ಉಳಿಯುತ್ತದೆ, ಆ ಅಂತರವೇ ಕಪ್ಪುಹಣಕ್ಕೆ ದಾರಿ. ಮಂದವಾದ ಕಡೆ ಇದು ತಿರುವು ಮುರುವಾಗಿ, ಒಳಗಿನ ಇಕ್ಕಟ್ಟು ರಸ್ತೆಯ ಹಳೆಯ ಮನೆಗೆ ಯಾರೂ ಕೊಡದಷ್ಟು ಬೆಲೆಯನ್ನು ಇಲಾಖೆಯ ಪಟ್ಟಿ ನಿಗದಿ ಮಾಡಿರುವುದೂ ಉಂಟು. ಆಗ ಕೊಳ್ಳುವವನು ತಾನು ಕೊಡದ ಹಣದ ಮೇಲೆ ಮುದ್ರಾಂಕ ಶುಲ್ಕವನ್ನೂ, ಮಾರುವವನು ತನಗೆ ಬಾರದ ಹಣದ ಮೇಲೆ ಆದಾಯ ತೆರಿಗೆಯನ್ನೂ ಕಟ್ಟುವ ಸಂದರ್ಭ ಒದಗುತ್ತದೆ. ಏಕೆಂದರೆ ಮುದ್ರಾಂಕ ಶುಲ್ಕಕ್ಕೆ ಆಧಾರವಾದ ಮೌಲ್ಯ ನಿಜವಾದ ಮಾರಾಟದ ಮೊತ್ತಕ್ಕಿಂತ ಶೇ. 10ಕ್ಕಿಂತ ಹೆಚ್ಚಾಗಿದ್ದರೆ ಆದಾಯ ತೆರಿಗೆ ಕಾನೂನು ಆ ಮೌಲ್ಯವನ್ನೇ ಮಾರಾಟದ ಮೊತ್ತವೆಂದು ಪರಿಗಣಿಸುತ್ತದೆ, ಕೊಂಡವನಿಗೂ ಅಂತರದ ಮೊತ್ತವನ್ನು ಆದಾಯವಾಗಿ ಲೆಕ್ಕ ಹಿಡಿಯುತ್ತದೆ. ಇಂತಹ ಸಂದರ್ಭದಲ್ಲಿ ಮೌಲ್ಯಮಾಪನವನ್ನು ಪ್ರಶ್ನಿಸುವ ಅವಕಾಶ ಎರಡೂ ಕಾಯ್ದೆಗಳಲ್ಲಿ ಇದ್ದರೂ, ಅದಕ್ಕೆ ತಗಲುವ ಕಾಲವನ್ನು ನೆನೆದು ಜನರು ವ್ಯವಹಾರವನ್ನೇ ಕೈಬಿಡುತ್ತಾರೆ. ಮಾರುಕಟ್ಟೆ ಬಿದ್ದ ಊರುಗಳಲ್ಲಿ ಮಾರ್ಗಸೂಚಿ ದರವನ್ನು ಇಳಿಸುವುದಕ್ಕೂ ಏರಿಸುವುದಕ್ಕೆ ಇರುವಷ್ಟೇ ಸಿದ್ಧತೆ ಸರ್ಕಾರಕ್ಕೆ ಇರಬೇಕಾದದ್ದು ನ್ಯಾಯ.

ನೋಂದಣಿಯ ಖರ್ಚು ಕೂಡ ಸಣ್ಣದಲ್ಲ. ಕರ್ನಾಟಕದಲ್ಲಿ ಸಾಮಾನ್ಯ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಶೇ. 10ರ ಸೆಸ್ ಮತ್ತು ನಗರ ಪ್ರದೇಶದಲ್ಲಿ ಶೇ. 2ರ ಸರ್ಚಾರ್ಜ್ ಸೇರಿ ಶೇ. 5.6 ಆಗುತ್ತದೆ, ಇದಕ್ಕೆ ಪ್ರತ್ಯೇಕವಾಗಿ ಕಟ್ಟಬೇಕಾದ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿತು. 60 ಲಕ್ಷದ ಮನೆಗೆ ಇವೆಲ್ಲ ಸೇರಿ 4,56,000 ರೂಪಾಯಿ. ಬೆಲೆ ವರ್ಷಕ್ಕೆ ಶೇ. 10ರಂತೆ ಏರುವ ಮಹಾನಗರದಲ್ಲಿ ಈ ಮೊತ್ತ ಒಂದು ವರ್ಷದೊಳಗೆ ಮರೆತುಹೋಗುತ್ತದೆ. ಬೆಲೆ ನಿಂತಲ್ಲೇ ನಿಂತ ಊರಿನಲ್ಲಿ ಅದು ಮರಳಿ ಬಾರದ ಹಣ, ಹಾಗಾಗಿ ಎರಡು ಮೂರು ವರ್ಷಕ್ಕೆ ಬಂದುಹೋಗುವ ನೌಕರನಿಗೆ ಅಲ್ಲಿ ಮನೆ ಕೊಳ್ಳುವುದಕ್ಕಿಂತ ಬಾಡಿಗೆಗಿರುವುದೇ ಲಾಭ, ಮತ್ತು ಈ ಲೆಕ್ಕಾಚಾರ ಊರಿನ ಕೊಳ್ಳುವವರ ಸಂಖ್ಯೆಯಿಂದ ಇನ್ನೂ ಒಂದಷ್ಟನ್ನು ಕಳೆಯುತ್ತದೆ.

ಇಷ್ಟಾದರೂ, ಬೆಲೆಯನ್ನು ಇಳಿಸಿದ ಮೇಲೂ ಎಷ್ಟೋ ಮನೆಗಳು ಮಾರಾಟವಾಗುವುದಿಲ್ಲ ಎಂಬುದೇ ಮಂದ ಮಾರುಕಟ್ಟೆಯ ಅತ್ಯಂತ ಗಂಭೀರವಾದ ಸಂಗತಿ, ಅದಕ್ಕೆ ಕಾರಣವನ್ನು ದಾಖಲೆಗಳಲ್ಲಿ ಹುಡುಕಬೇಕು. ಭಾರತದಲ್ಲಿ 1908ರ ನೋಂದಣಿ ಕಾಯ್ದೆಯ ಅಡಿಯಲ್ಲಿ ನೋಂದಣಿಯಾಗುವುದು ಪತ್ರ. ಆ ಪತ್ರ ಬರೆದುಕೊಟ್ಟವನಿಗೆ ಸ್ವತ್ತಿನ ಮೇಲೆ ನಿಜವಾಗಿ ಹಕ್ಕಿತ್ತೇ ಎಂಬುದಕ್ಕೆ ಸರ್ಕಾರ ಹೊಣೆ ಹೊರುವುದಿಲ್ಲ. ಆದ್ದರಿಂದ ಕೊಳ್ಳುವವನು ಹಕ್ಕಿನ ಸರಪಳಿಯನ್ನು ತಾನೇ ಹಿಂದಕ್ಕೆ ಎಳೆದು ನೋಡಬೇಕು: ಮೂಲಪತ್ರದಿಂದ ಆರಂಭಿಸಿ ಈಗಿನ ಮಾಲೀಕನವರೆಗಿನ ಪ್ರತಿಯೊಂದು ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಮರಣಶಾಸನ ಒಂದಕ್ಕೊಂದು ಕೂಡಿಕೊಳ್ಳಬೇಕು, ಕನಿಷ್ಠ 30 ವರ್ಷಗಳ ಋಣಭಾರ ಪತ್ರದಲ್ಲಿ ತೀರದ ಅಡಮಾನ ಕಾಣಿಸಬಾರದು, ಚಕ್ಕುಬಂದಿಯಲ್ಲಿ ಬರೆದ ಅಳತೆಗೂ ಸ್ಥಳದಲ್ಲಿ ಹಗ್ಗ ಹಿಡಿದಾಗ ಬರುವ ಅಳತೆಗೂ ಹೊಂದಾಣಿಕೆ ಇರಬೇಕು. ಊರವರ ಬಾಯಿಯಲ್ಲಿ ಇ.ಸಿ. ಎಂದೇ ಪ್ರಚಲಿತವಾದ ಋಣಭಾರ ಪತ್ರ 2004ರಿಂದೀಚಿನ ಅವಧಿಗೆ ಕಾವೇರಿ ತಂತ್ರಾಂಶದ ಮೂಲಕ ಸುಲಭವಾಗಿ ಸಿಗುತ್ತದೆ, ಅದಕ್ಕೂ ಹಿಂದಿನ ಅವಧಿಗೆ ಕಚೇರಿಯ ಹಳೆಯ ಸೂಚಿ ಪುಸ್ತಕಗಳನ್ನು ಹುಡುಕಿಸಬೇಕು. ಮತ್ತು ನೋಂದಣಿಯಾಗದ ಕರಾರು, ನ್ಯಾಯಾಲಯದಲ್ಲಿರುವ ದಾವೆ, ಕೈಸಾಲಕ್ಕೆ ಒತ್ತೆಯಿಟ್ಟ ಮೂಲಪತ್ರ ಇವು ಯಾವುವೂ ಅದರಲ್ಲಿ ಕಾಣಿಸಬೇಕೆಂದಿಲ್ಲ.

ಖಾತೆಯ ಬಗೆಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವ ದಾಖಲೆಯ ಬಗೆಗೂ ಇಲ್ಲ. ಆಸ್ತಿ ತೆರಿಗೆ ಯಾರಿಂದ ಪಡೆಯಬೇಕು ಎಂದು ಗುರುತಿಸಲು ನಗರಸಭೆ ಅಥವಾ ಪಂಚಾಯಿತಿ ಇಡುವ ಲೆಕ್ಕವೇ ಖಾತೆ. ಅದು ಒಡೆತನದ ಪತ್ರವಲ್ಲ ಎಂದು ನ್ಯಾಯಾಲಯಗಳು ಹಲವು ಬಾರಿ ಸ್ಪಷ್ಟಪಡಿಸಿವೆ. ಹಾಗೆಂದು ಅದಿಲ್ಲದೆ ವ್ಯವಹಾರ ನಡೆಯುವುದೂ ಇಲ್ಲ: 2024ರ ಅಕ್ಟೋಬರ್‌ನಿಂದೀಚೆಗೆ ನಗರ ಪ್ರದೇಶದ ಸ್ವತ್ತುಗಳ ನೋಂದಣಿಗೆ ಇ-ಖಾತೆ ಬೇಕೆಂಬ ನಿಯಮ ಬಿಗಿಯಾಗಿದೆ, ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು ಮೂಲಕ ಪಡೆಯುವ ನಮೂನೆ 9 ಮತ್ತು 11 ಬೇಕಾಗುತ್ತವೆ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯಂತಹ ಹಳೆಯ ಮುಂಬಯಿ ಪ್ರಾಂತದ ಊರುಗಳಲ್ಲಿ ಇವುಗಳ ಜೊತೆಗೆ ಸಿಟಿ ಸರ್ವೆ ಉತಾರವನ್ನೂ ನೋಡುವ ಪದ್ಧತಿ ಇದ್ದು, ಅಜ್ಜನ ಹೆಸರು ಉತಾರದಲ್ಲಿ, ತಂದೆಯ ಹೆಸರು ಖಾತೆಯಲ್ಲಿ, ಮಕ್ಕಳ ಸ್ವಾಧೀನ ಮನೆಯಲ್ಲಿ ಎಂಬ ಸ್ಥಿತಿ ಎಷ್ಟೋ ಹಳೆಯ ಮನೆಗಳದ್ದು. ಕಂದಾಯ ಭೂಮಿಯನ್ನು ಪರಿವರ್ತನೆ ಮಾಡಿಸದೆ ನಿವೇಶನ ಹಾಕಿದ ಬಡಾವಣೆಗಳ ಸಮಸ್ಯೆ ಇದಕ್ಕಿಂತ ಕಠಿಣವಾದದ್ದು. ಅಂತಹವನ್ನು ಸಕ್ರಮಗೊಳಿಸಲು ರೂಪಿಸಿದ್ದ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು.

ಹಳೆಯ ಮನೆಗಳ ಹಕ್ಕಿನಲ್ಲಿ ಅತಿ ಹೆಚ್ಚು ತೊಡಕು ಬರುವುದು ವಾರಸುದಾರಿಕೆಯಿಂದ. ತಂದೆ ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆಯನ್ನು ಮರಣಶಾಸನ ಬರೆಯದೆ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅವರ ಪತ್ನಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ಸಮಪಾಲಿನ ಹಕ್ಕುದಾರರು. ಪಿತ್ರಾರ್ಜಿತ ಸ್ವತ್ತಿನಲ್ಲಿಯೂ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಎಂಬುದನ್ನು 2005ರ ತಿದ್ದುಪಡಿ ಸ್ಥಾಪಿಸಿದೆ, ಆ ತಿದ್ದುಪಡಿ ಜಾರಿಯಾದಾಗ ತಂದೆ ಬದುಕಿರಬೇಕೆಂದಿಲ್ಲ ಎಂಬುದನ್ನು 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿರ್ಣಯಿಸಿದೆ. ಹೀಗಿದ್ದರೂ ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿ ಏಕೆ ಎಂದು ಗಂಡುಮಕ್ಕಳು ಮನೆಯನ್ನು ಮಾರಾಟಕ್ಕಿಡುವುದು ಇಂದಿಗೂ ನಡೆದಿದೆ. ಹೆಣ್ಣುಮಕ್ಕಳ ಪಾಲನ್ನು ಮರೆಮಾಡಿ ಮಾಡುವ ಇಂತಹ ಮಾರಾಟ ಅನ್ಯಾಯದ್ದು, ಜೊತೆಗೆ ಕೊಂಡವನ ತಲೆಯ ಮೇಲೆ ವರ್ಷಗಟ್ಟಲೆ ದಾವೆಯ ಭಯವನ್ನು ಹೊರಿಸುವಂಥದ್ದು. ಎಲ್ಲ ವಾರಸುದಾರರೂ ಸೇರಿ ಕ್ರಯಪತ್ರಕ್ಕೆ ಸಹಿ ಹಾಕುವುದು ಒಂದು ದಾರಿ. ಒಬ್ಬರೇ ಮನೆಯನ್ನು ಇಟ್ಟುಕೊಳ್ಳುವುದಾದರೆ ಉಳಿದವರು ತಮ್ಮ ಪಾಲಿನ ಬಾಬ್ತು ಪಡೆದು ಹಕ್ಕು ಬಿಡುಗಡೆ ಪತ್ರವನ್ನು ನೋಂದಣಿ ಮಾಡಿಸುವುದು ಇನ್ನೊಂದು ದಾರಿ. ಕುಟುಂಬದೊಳಗಿನ ಬಿಡುಗಡೆಗೆ ತಗಲುವ ಮುದ್ರಾಂಕ ಶುಲ್ಕ ಪೂರ್ಣ ಕ್ರಯಪತ್ರಕ್ಕಿಂತ ಬಹಳ ಕಡಿಮೆ. ಒಬ್ಬನೇ ತನ್ನ ಅವಿಭಕ್ತ ಪಾಲನ್ನು ಹೊರಗಿನವನಿಗೆ ಮಾರಲು ಹೊರಟರೆ ಕಾನೂನು ಅದಕ್ಕೂ ಕಡಿವಾಣ ಹಾಕಿದೆ: ಕುಟುಂಬದ ವಾಸದ ಮನೆಯಲ್ಲಿ ಹೊರಗಿನ ಖರೀದಿದಾರನಿಗೆ ಜಂಟಿ ಸ್ವಾಧೀನದ ಹಕ್ಕಿಲ್ಲ, ಅವನು ವಿಭಾಗಕ್ಕೆ ದಾವೆ ಹೂಡಿದಲ್ಲಿ ನ್ಯಾಯಾಲಯ ನಿಗದಿ ಮಾಡಿದ ಬೆಲೆಗೆ ಆ ಪಾಲನ್ನು ಕೊಂಡುಕೊಳ್ಳುವ ಅವಕಾಶ 1893ರ ವಿಭಜನಾ ಕಾಯ್ದೆಯಂತೆ ಕುಟುಂಬದ ಸದಸ್ಯರಿಗಿದೆ.

ಮಕ್ಕಳಲ್ಲಿ ಒಬ್ಬರೋ ಇಬ್ಬರೋ ಅಮೆರಿಕ, ಇಂಗ್ಲೆಂಡ್, ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿರುವುದು ಕರ್ನಾಟಕದ ಬಹುತೇಕ ಊರುಗಳ ಮಧ್ಯಮ ವರ್ಗದ ಮನೆಗಳಲ್ಲಿ ಈಗ ಸಾಮಾನ್ಯ. ಅವರು ಬರಲಾಗದಿದ್ದರೆ ಅಧಿಕಾರ ಪತ್ರ ಬೇಕು. ಅದು ಅಲ್ಲಿನ ನೋಟರಿ ಅಥವಾ ಭಾರತೀಯ ದೂತಾವಾಸದ ಮುಂದೆ ದೃಢೀಕರಣವಾಗಿ, ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕವನ್ನು ಕಟ್ಟಿಸಿಕೊಳ್ಳಬೇಕು. ನಿವಾಸಿ ಮಾಲೀಕನಿಂದ 50 ಲಕ್ಷ ಅಥವಾ ಅದಕ್ಕೂ ಹೆಚ್ಚಿನ ಮೊತ್ತದ ಮನೆ ಕೊಳ್ಳುವಾಗ ಶೇ. 1ರಷ್ಟನ್ನು ಮೂಲದಲ್ಲಿ ಕಡಿತ ಮಾಡಿ ತೆರಿಗೆಯಾಗಿ ಜಮಾ ಮಾಡಿದರೆ ಸಾಕು. ಮಾಲೀಕ ಅನಿವಾಸಿಯಾಗಿದ್ದರೆ 50 ಲಕ್ಷದ ಆ ಮಿತಿ ಅನ್ವಯಿಸುವುದಿಲ್ಲ, ಕಡಿತದ ದರವೂ ಬಹಳ ಹೆಚ್ಚು. ಕಡಿಮೆ ದರದ ಕಡಿತಕ್ಕೆ ಆದಾಯ ತೆರಿಗೆ ಇಲಾಖೆಯಿಂದ ಮುಂಚಿತವಾಗಿ ಪ್ರಮಾಣಪತ್ರ ಪಡೆಯಲು ಅವಕಾಶವಿದ್ದರೂ, ಗಿರಾಕಿ ಸಿಕ್ಕ ಮೇಲೆ ಇದರ ಓಡಾಟ ಆರಂಭಿಸಿದರೆ ಅಷ್ಟರಲ್ಲಿ ಗಿರಾಕಿ ಬೇರೆ ಮನೆ ನೋಡಿಕೊಂಡಿರುತ್ತಾನೆ.

ಚುರುಕಾದ ಮಾರುಕಟ್ಟೆಯಲ್ಲಿ ಒಬ್ಬ ಗಿರಾಕಿ ದಾಖಲೆ ನೋಡಿ ಹಿಂದೆ ಸರಿದರೆ ಮುಂದಿನ ವಾರ ಇನ್ನೊಬ್ಬ ಬರುತ್ತಾನೆ, ಆತನಿಗೆ ಸ್ವಲ್ಪ ಧೈರ್ಯ ಹೆಚ್ಚಿರಬಹುದು. ಮಂದವಾದ ಕಡೆ ವರ್ಷಕ್ಕೆ ಬರುವ ಒಬ್ಬನೇ ಗಿರಾಕಿಯನ್ನು ಉತಾರದ ಒಂದು ಹಳೆಯ ಹೆಸರಿಗಾಗಿ ಕಳೆದುಕೊಂಡರೆ ಮತ್ತೆ ಒಂದು ವರ್ಷ ಹೋಗುತ್ತದೆ. ಗುಣದ ಬಗ್ಗೆ ಮಾರುವವನಿಗೆ ಗೊತ್ತಿರುವಷ್ಟು ಕೊಳ್ಳುವವನಿಗೆ ಗೊತ್ತಿಲ್ಲದ ಮಾರುಕಟ್ಟೆಯಲ್ಲಿ ಕೊಳ್ಳುವವನು ಎಲ್ಲ ಸರಕನ್ನೂ ಅನುಮಾನದಿಂದ ನೋಡಿ ಬೆಲೆ ಇಳಿಸುತ್ತಾನೆ, ಅದರಿಂದ ಒಳ್ಳೆಯ ಸರಕಿನ ಒಡೆಯರೇ ಹಿಂದೆ ಸರಿಯುತ್ತಾರೆ ಎಂದು ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ತೋರಿಸಿದ್ದು ಇಲ್ಲಿಗೂ ಸಲ್ಲುತ್ತದೆ. ಗಿರಾಕಿ ವಿರಳವಾದ ಊರಿನಲ್ಲಿ ಕಡಿಮೆ ಬೆಲೆ ಎಂದು ಕರೆಯುವುದರ ಬಹುಪಾಲು ಹಕ್ಕಿನ ಅನಿಶ್ಚಯಕ್ಕೆ ಕೊಳ್ಳುವವನು ಮುರಿದುಕೊಳ್ಳುವ ಮೊತ್ತವೇ ಹೊರತು ಮನೆಯ ಗುಣಕ್ಕೆ ಕಟ್ಟಿದ ಬೆಲೆಯಲ್ಲ. ಮಾರಾಟದ ಫಲಕ ತೂಗುಹಾಕುವ ಆರು ತಿಂಗಳ ಮೊದಲೇ ವಂಶವೃಕ್ಷ, ಖಾತೆ ಬದಲಾವಣೆ, ಇ-ಖಾತೆ, ಉತಾರದ ತಿದ್ದುಪಡಿ, ತೀರಿಸಿದ ಹಳೆಯ ಸಾಲದ ಬಿಡುಗಡೆ ಪತ್ರ, ತೆರಿಗೆ ರಸೀದಿಗಳು, ಅನುಮೋದಿತ ನಕ್ಷೆ ಇವನ್ನು ಒಂದು ಕಡತದಲ್ಲಿ ಸೇರಿಸಿ ವಕೀಲರಿಂದ ಹಕ್ಕಿನ ವರದಿ ಬರೆಸಿಟ್ಟುಕೊಂಡ ಮಾಲೀಕನಿಗೆ ಸುಣ್ಣಬಣ್ಣದಿಂದ ಸಿಗುವುದಕ್ಕಿಂತ ಹೆಚ್ಚಿನ ಬೆಲೆ ಅದರಿಂದ ಸಿಗುತ್ತದೆ.

ಕೊಳ್ಳುವವನ ಕಡೆಯಿಂದ ನೋಡಿದರೆ ಮಂದಗತಿ ಒಂದು ಅನುಕೂಲ, ಆತುರದ ಒತ್ತಡವಿಲ್ಲ. ಆದರೆ ಹಣದ ಹೊಂದಾಣಿಕೆಯನ್ನು ಮೊದಲೇ ಮಾಡಿಕೊಳ್ಳಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲ ಸ್ವತ್ತಿನ ಮೌಲ್ಯದ ಶೇ. 90, 30ರಿಂದ 75 ಲಕ್ಷದವರೆಗಿನ ಸಾಲ ಶೇ. 80, ಅದಕ್ಕೂ ಹೆಚ್ಚಿನದು ಶೇ. 75ನ್ನು ಮೀರುವಂತಿಲ್ಲ, ಈ ಮೌಲ್ಯವನ್ನು ಬ್ಯಾಂಕಿನ ಮೌಲ್ಯಮಾಪಕರು ಹೇಳುತ್ತಾರೆ, ವ್ಯವಹಾರಗಳೇ ವಿರಳವಾದ ಕಡೆ ಅವರ ಅಂದಾಜು ಎಚ್ಚರಿಕೆಯಿಂದ ಕೆಳಮಟ್ಟದಲ್ಲಿಯೇ ಇರುತ್ತದೆ. 60 ಲಕ್ಷಕ್ಕೆ ಮಾತಾದ ಮನೆಗೆ ಮೌಲ್ಯಮಾಪಕರು 52 ಲಕ್ಷ ಎಂದರೆ ಸಿಗುವ ಸಾಲ ಹೆಚ್ಚೆಂದರೆ 41.6 ಲಕ್ಷ, ಉಳಿದ 18.4 ಲಕ್ಷವನ್ನೂ ನೋಂದಣಿಯ ನಾಲ್ಕೂವರೆ ಲಕ್ಷವನ್ನೂ ಸ್ವಂತದಿಂದ ತರಬೇಕು. 2025ರ ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ರೆಪೊ ದರ ಶೇ. 6.5ರಿಂದ 5.25ಕ್ಕೆ ಇಳಿದದ್ದು ಸಾಲಗಾರರಿಗೆ ಸಮಾಧಾನ ತಂದಿದೆ: 20 ವರ್ಷದ 40 ಲಕ್ಷ ಸಾಲಕ್ಕೆ ಬಡ್ಡಿ ಶೇ. 8.5ರಿಂದ 7.5ಕ್ಕೆ ಇಳಿದರೆ ತಿಂಗಳ ಕಂತು ಸುಮಾರು 34,700ರಿಂದ 32,200ಕ್ಕೆ ಇಳಿಯುತ್ತದೆ. ಆದರೂ ಸಣ್ಣ ಊರುಗಳಲ್ಲಿ ವ್ಯವಹಾರವನ್ನು ತಡೆಯುವುದು ಕಂತಿಗಿಂತ ಹೆಚ್ಚಾಗಿ ಕೈಯಿಂದ ತರಬೇಕಾದ ಈ ಮೊದಲ ಮೊತ್ತ, ಅದನ್ನು ಬಡ್ಡಿ ದರದ ಇಳಿಕೆ ಮುಟ್ಟುವುದಿಲ್ಲ.

ಮಾತುಕತೆ ಮುಗಿದ ಮೇಲೆ ಮಾಡಿಕೊಳ್ಳುವ ಕ್ರಯದ ಕರಾರು, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೆಯ ಕಲಮಿನಂತೆ, ತಾನಾಗಿ ಸ್ವತ್ತಿನ ಮೇಲೆ ಯಾವ ಹಕ್ಕನ್ನೂ ಉಂಟುಮಾಡುವುದಿಲ್ಲ. ಅಧಿಕಾರ ಪತ್ರ ಬರೆಸಿಕೊಂಡು ಹಣ ಕೊಟ್ಟು ಮನೆ ಕೊಂಡೆವೆಂದು ತಿಳಿಯುವ ಪದ್ಧತಿಯಿಂದ ಒಡೆತನ ವರ್ಗವಾಗದು ಎಂಬುದನ್ನು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ನಿಚ್ಚಳಗೊಳಿಸಿತು. ಕರಾರಿನಲ್ಲಿ ಸಂಚಕಾರದ ಮೊತ್ತ, ಬಾಕಿ ತೀರಿಸುವ ಗಡುವು, ಬ್ಯಾಂಕ್ ಸಾಲ ಮಂಜೂರಾಗದಿದ್ದರೆ ಏನು, ದಾಖಲೆಯಲ್ಲಿ ದೋಷ ಕಂಡರೆ ಏನು ಎಂಬುದನ್ನು ಬರೆದುಕೊಳ್ಳದೆ ಬಾಯಿಮಾತಿಗೆ ಬಿಡುವುದು ಪರಿಚಿತರ ನಡುವಿನ ವ್ಯವಹಾರಗಳಲ್ಲಿ ಹೆಚ್ಚು, ಜಗಳಗಳೂ ಅಲ್ಲಿಯೇ ಹೆಚ್ಚು. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ಮುಂಗಡವಾಗಿಯಾದರೂ ನಗದಾಗಿ ಪಡೆಯುವುದನ್ನು 2015ರ ಜೂನ್ 1ರಿಂದ ಕಾನೂನು ನಿಷೇಧಿಸಿದೆ, ಉಲ್ಲಂಘಿಸಿದರೆ ಪಡೆದಷ್ಟೇ ಮೊತ್ತದ ದಂಡ.

ಮಾರಿದವನಿಗೆ ಬರುವ ಲಾಭದ ಮೇಲಿನ ತೆರಿಗೆಯ ವಿಷಯದಲ್ಲಿ ಹಳೆಯ ಮನೆಗಳ ಮಾಲೀಕರು ತಿಳಿದಿರಬೇಕಾದ ಒಂದು ಅಂಶವಿದೆ. 2001ರ ಏಪ್ರಿಲ್ 1ಕ್ಕಿಂತ ಮೊದಲು ಕಟ್ಟಿದ ಅಥವಾ ಕೊಂಡ ಮನೆಗೆ ಅಂದಿನ ನ್ಯಾಯಯುತ ಮಾರುಕಟ್ಟೆ ಬೆಲೆಯನ್ನು, ಮುದ್ರಾಂಕ ಮೌಲ್ಯ ಲಭ್ಯವಿದ್ದಲ್ಲಿ ಅದನ್ನು ಮೀರದಂತೆ, ಮೂಲ ಬೆಲೆಯಾಗಿ ಹಿಡಿಯಬಹುದು. 2024ರ ಜುಲೈ 23ರ ಮೊದಲು ಪಡೆದ ಸ್ವತ್ತಾದರೆ ನಿವಾಸಿ ವ್ಯಕ್ತಿಯು ಹಣದುಬ್ಬರದ ಹೊಂದಾಣಿಕೆಯಿಲ್ಲದೆ ಶೇ. 12.5 ಅಥವಾ ಹೊಂದಾಣಿಕೆಯೊಂದಿಗೆ ಶೇ. 20, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. ಬೆಲೆ ನಿಧಾನವಾಗಿ ಏರಿದ ಊರಿನಲ್ಲಿ ಎರಡನೆಯದೇ ಲಾಭಕರವಾಗುವ ಸಂಭವ ಹೆಚ್ಚು. ಬಂದ ಲಾಭವನ್ನು ಎರಡು ವರ್ಷದೊಳಗೆ ಬೇರೆ ಮನೆ ಕೊಳ್ಳಲು ಅಥವಾ ಮೂರು ವರ್ಷದೊಳಗೆ ಕಟ್ಟಲು ತೊಡಗಿಸಿದರೆ ವಿನಾಯಿತಿ ಉಂಟು.

ಇಬ್ಬರ ನಡುವೆ ನಿಲ್ಲುವ ದಲ್ಲಾಳಿಯ ಸ್ಥಾನವೂ ಇಲ್ಲಿ ವಿಶಿಷ್ಟವಾದದ್ದು, ಏಕೆಂದರೆ ಪ್ರಕಟವಾದ ಬೆಲೆಯೇ ಇಲ್ಲದ ಕಡೆ ಯಾವ ಮನೆ ನಿಜವಾಗಿ ಎಷ್ಟಕ್ಕೆ ಹೋಯಿತು ಎಂಬ ತಿಳಿವಳಿಕೆ ಅವನೊಬ್ಬನಲ್ಲಿ ಶೇಖರವಾಗಿರುತ್ತದೆ. ಒಳ್ಳೆಯ ದಲ್ಲಾಳಿ ಎರಡೂ ಕಡೆಯವರ ವರ್ಷಗಳನ್ನು ಉಳಿಸುತ್ತಾನೆ. ಆದರೆ 2016ರ ರೇರಾ ಕಾಯ್ದೆಯ ಏಜೆಂಟರ ನೋಂದಣಿಯ ನಿಯಮ ನೋಂದಾಯಿತ ಹೊಸ ಯೋಜನೆಗಳ ಮಾರಾಟಕ್ಕೆ ಸಂಬಂಧಿಸಿದ್ದು, ಹಳೆಯ ಬಿಡಿ ಮನೆಗಳ ಮರುಮಾರಾಟ ಅದರ ವ್ಯಾಪ್ತಿಯಿಂದ ಹೊರಗೇ ಉಳಿದಿದೆ. ಒಂದೇ ಮನೆಗೆ ಮಾಲೀಕನಿಗೆ ಒಂದು ಬೆಲೆ, ಗಿರಾಕಿಗೆ ಇನ್ನೊಂದು ಬೆಲೆ ಹೇಳಿ ನಡುವಿನದನ್ನು ಉಳಿಸಿಕೊಳ್ಳುವವರನ್ನು ತಡೆಯುವ ವ್ಯವಸ್ಥೆ ಇಲ್ಲ.

ಬೆಲೆಯ ಈ ಕತ್ತಲನ್ನು ಕಡಿಮೆ ಮಾಡುವ ಸಾಮಗ್ರಿ ಸರ್ಕಾರದ ಬಳಿಯೇ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1995ರಿಂದೀಚೆಗೆ ಮಾರಾಟವಾದ ಮನೆಗಳ ಬೆಲೆಯನ್ನು ವಿಳಾಸಸಮೇತ ಅಲ್ಲಿನ ಭೂ ನೋಂದಣಿ ಇಲಾಖೆ ಯಾರು ಬೇಕಾದರೂ ನೋಡುವಂತೆ ಪ್ರಕಟಿಸುತ್ತದೆ. ಕಾವೇರಿ ತಂತ್ರಾಂಶದಲ್ಲಿ ರಾಜ್ಯದ ಪ್ರತಿಯೊಂದು ನೋಂದಾಯಿತ ಮಾರಾಟದ ಮೊತ್ತವೂ ದಾಖಲಾಗಿದೆ. ಹೆಸರು ಮತ್ತು ಮನೆ ಸಂಖ್ಯೆಯನ್ನು ಬಿಟ್ಟು, ರಸ್ತೆ ಅಥವಾ ವಾರ್ಡಿನ ಮಟ್ಟದಲ್ಲಿ, ನಿವೇಶನದ ಅಳತೆ ಮತ್ತು ಕಟ್ಟಡದ ವಿಸ್ತೀರ್ಣದೊಂದಿಗೆ ಅದನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸಿದರೆ ಭದ್ರಾವತಿಯ ನಿವೃತ್ತ ಕಾರ್ಮಿಕನೂ ಮಾಳಮಡ್ಡಿಯ ವಾರಸುದಾರರೂ ಊಹೆಯ ಬದಲು ನಡೆದ ವ್ಯವಹಾರಗಳನ್ನು ನೋಡಿ ಬೆಲೆ ನಿರ್ಧರಿಸಬಹುದು. ನೋಂದಾಯಿತ ಮೊತ್ತ ನಿಜವಾದ ಮೊತ್ತವಲ್ಲ ಎಂಬ ಆಕ್ಷೇಪ ಮಹಾನಗರಗಳಿಗೆ ಅನ್ವಯಿಸುವಷ್ಟು ಇಲ್ಲಿಗೆ ಅನ್ವಯಿಸುವುದಿಲ್ಲ: ಮಾರುಕಟ್ಟೆ ಬೆಲೆಯೂ ಮಾರ್ಗಸೂಚಿ ದರವೂ ಹತ್ತಿರ ಹತ್ತಿರ ಇರುವ ಮಂದಗತಿಯ ಊರುಗಳಲ್ಲಿ, ಕೊಳ್ಳುವವರು ಬ್ಯಾಂಕ್ ಸಾಲವನ್ನೇ ಅವಲಂಬಿಸಿರುವಲ್ಲಿ, ಮರೆಮಾಡಲು ಉಳಿಯುವ ಅಂತರ ಚಿಕ್ಕದು, ಆದ್ದರಿಂದ ಇಂತಹ ಪ್ರಕಟಣೆಯನ್ನು ಆರಂಭಿಸಲು ಬೆಂಗಳೂರಿಗಿಂತ ಈ ಊರುಗಳೇ ಹೆಚ್ಚು ಸೂಕ್ತ.